ಪೆಟ್ಟಿಗೆಯೊಳಗೊಂದು ಬಾವಿ

ಈ ಸಲದ ಅಂಚೆಯಲ್ಲಿ ಮಿಕ್ಸರ್ ರಿಪೇರಿಯ ಪ್ರಶ್ನೆಗಳು ಎಂದಿನಂತೆ ಹನ್ನೊಂದು ಇದ್ದವು. ಅವು ಮುಂದಿನ ತಿಂಗಳಿಗೆ ಕಾಯಲಿ. ಹಾಸನದ ಒಬ್ಬ ವಿದ್ಯಾರ್ಥಿಯ ಪತ್ರ ನನ್ನನ್ನು ಅಟ್ಟ ಹತ್ತಿಸಿತು. ಇಪ್ಪತ್ತು ವರ್ಷದಿಂದ ಯಾರೂ ಮುಟ್ಟದಿದ್ದ ತಗಡಿನ ಪೆಟ್ಟಿಗೆಯೊಂದನ್ನು ಕೆಳಗಿಳಿಸಿ, ಜೇಡರಬಲೆ ಒರೆಸಿ, ಮೇಜಿನ ಮೇಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅದೇ ವಿಷಯಕ್ಕೆ ಸಂಬಂಧಿಸಿದ ಬೇರೆ ಊರುಗಳ ಪತ್ರಗಳನ್ನೂ ಹುಡುಕಿ ಜೊತೆಗೆ ಸೇರಿಸಿದ್ದೇನೆ.

ಪ್ರಶ್ನೆ: ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದೇನೆ, ಗಿಟಾರ್ ನುಡಿಸುತ್ತೇನೆ. 1960ರ ದಶಕದ ಕ್ಯಾಲಿಫೋರ್ನಿಯಾದ ಸರ್ಫ್ (ಕಡಲಲೆ ಸವಾರರ) ಸಂಗೀತದಲ್ಲಿ ನೀರು ತೊಟ್ಟಿಕ್ಕಿದಂತೆ ಕೇಳಿಸುವ ಆ ರಿವರ್ಬ್ ನನಗೆ ಬೇಕು. ವಾಲ್ವ್ (ಹಳೆಯ ರೇಡಿಯೊಗಳಲ್ಲಿರುತ್ತಿದ್ದ ಗಾಜಿನ ಕೊಳವೆ) ಹಾಕಿದ ಸ್ಪ್ರಿಂಗ್ ರಿವರ್ಬ್ ಪೆಟ್ಟಿಗೆಯನ್ನು ನಾನೇ ಕಟ್ಟಬೇಕೆಂದಿದ್ದೇನೆ. ಈವರೆಗೆ ಒಂದು ಎಫ್‌ಎಂ ರೇಡಿಯೊ ಕಿಟ್ ಬೆಸೆದದ್ದು ಬಿಟ್ಟರೆ ಅನುಭವವಿಲ್ಲ, ವಾಲ್ವ್ ಅನ್ನು ಕೈಯಲ್ಲಿ ಹಿಡಿದೂ ಇಲ್ಲ. ಎಲ್ಲಿಂದ ಶುರು ಮಾಡಲಿ?
— ವಿದ್ಯಾರ್ಥಿ, ಹಾಸನ

ಉತ್ತರ: ಸ್ಪ್ರಿಂಗಿನಿಂದ. ನಿಮ್ಮ ಪೂರ್ತಿ ಪತ್ರದಲ್ಲಿ ವಾಲ್ವ್ ಎಂಬ ಪದ ಒಂಬತ್ತು ಸಲ ಬಂದಿದೆ, ಸ್ಪ್ರಿಂಗ್ ಎರಡೇ ಸಲ. ಆದರೆ ನಿಮಗೆ ಬೇಕಾದ ಸದ್ದನ್ನು ಮಾಡುವುದು ಸ್ಪ್ರಿಂಗ್. ವಾಲ್ವ್ ಅದನ್ನು ಕುಣಿಸುತ್ತದೆ, ಮತ್ತೆ ಕಿವಿಗೊಟ್ಟು ಕೇಳಿಸಿಕೊಳ್ಳುತ್ತದೆ, ಅಷ್ಟೆ. ನಲವತ್ತು ವರ್ಷ ವಾಲ್ವ್ ರೇಡಿಯೊಗಳ ಅನ್ನ ತಿಂದ ನಾನು ಹೀಗೆ ಹೇಳಬಾರದು, ಆದರೂ ಹೇಳುತ್ತಿದ್ದೇನೆ.

ಬಾವಿಗೆ ಬಗ್ಗಿ ‘ಓ’ ಎಂದು ಕೂಗಿದರೆ ನಿಮ್ಮ ದನಿ ಗೋಡೆಯಿಂದ ಗೋಡೆಗೆ ಬಡಿದು, ಒಂದರ ಮೇಲೊಂದು ಬಿದ್ದು, ಬಾಲದಂತೆ ಉಳಿದು ಕರಗುತ್ತದೆ. ಅದು ಅನುರಣನ, ನಿಮ್ಮ ರಿವರ್ಬ್. ವಿಜಯಪುರದ ಗೋಲಗುಮ್ಮಟದಲ್ಲಿ ಕೂಗಿದ್ದು ಬಿಡಿಬಿಡಿಯಾಗಿ ಎಣಿಸುವಂತೆ ಮರಳಿ ಬರುತ್ತದಲ್ಲ, ಅದು ಪ್ರತಿಧ್ವನಿ. ಎರಡೂ ಒಂದೇ ಎಂದುಕೊಂಡು ಅಂಗಡಿಗೆ ಹೋದವರು ಬೇರೆಯದೇ ಸಾಮಾನು ತಂದಿದ್ದಾರೆ. ಬಾವಿಯನ್ನು ಹೆಗಲ ಮೇಲೆ ಹೊತ್ತು ತಿರುಗಲಾಗುವುದಿಲ್ಲವೆಂದೇ ಸ್ಪ್ರಿಂಗ್ ಬಂತು. ಅಮೆರಿಕದ ಬೆಲ್ ಪ್ರಯೋಗಾಲಯದವರು ದೂರದ ಟೆಲಿಫೋನ್ ತಂತಿಯಲ್ಲಿ ಆಗುವ ವಿಳಂಬವನ್ನು ಕೋಣೆಯೊಳಗೇ ಉಂಟುಮಾಡಲು ಸ್ಪ್ರಿಂಗ್ ಬಳಸಿದ್ದರು. ಲಾರೆನ್ಸ್ ಹ್ಯಾಮಂಡ್ ಅದನ್ನು ತಮ್ಮ ಆರ್ಗನ್ ವಾದ್ಯಕ್ಕೆ ತಂದರು. ಮನೆಯ ಪಡಸಾಲೆಯಲ್ಲಿ ನುಡಿಸಿದರೂ ಚರ್ಚಿನಲ್ಲಿ ನುಡಿಸಿದಂತೆ ಕೇಳಿಸಲಿ ಎಂಬುದು ಅವರ ಲೆಕ್ಕ. 1961ರಲ್ಲಿ ಕ್ಯಾಲಿಫೋರ್ನಿಯಾದ ಫೆಂಡರ್ ಕಂಪನಿ ಅದನ್ನು ಗಿಟಾರಿಗಾಗಿ ಬೇರೆಯೇ ಪೆಟ್ಟಿಗೆಯಲ್ಲಿಟ್ಟು ಮಾರಿತು. ನೀವು ಕೇಳುತ್ತಿರುವುದು ಅದನ್ನೇ. ಅದರ ನಕ್ಷೆಯ ಸಂಖ್ಯೆ 6ಜಿ15.

ಸ್ಪ್ರಿಂಗ್‌ಗಳಿರುವ ತಗಡಿನ ತಟ್ಟೆಯನ್ನು ಟ್ಯಾಂಕ್ ಎನ್ನುತ್ತಾರೆ. ನೀರಿಗೂ ಅದಕ್ಕೂ ಸಂಬಂಧವಿಲ್ಲ. ನನ್ನ ಮುಂದಿರುವುದು ಉದ್ದನೆಯದು, ಸುಮಾರು 42 ಸೆಂಟಿಮೀಟರ್. ಒಂದು ತುದಿಯಲ್ಲಿ ಚಿಕ್ಕ ಕಾಯಿಲ್ (ತಂತಿಯ ಸುರುಳಿ), ಅದರ ಕಬ್ಬಿಣದ ಸಂದಿನಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಆಯಸ್ಕಾಂತದ ಮಣಿ. ಗಿಟಾರಿನ ಸಂಕೇತ ಕಾಯಿಲ್‌ನಲ್ಲಿ ಹರಿದಾಗ ಮಣಿ ತಿರುಚಿಕೊಳ್ಳುತ್ತದೆ. ಗಮನಿಸಿ, ಅದು ಸ್ಪ್ರಿಂಗನ್ನು ಎಳೆಯುವುದಿಲ್ಲ, ಒದ್ದೆ ಬಟ್ಟೆ ಹಿಂಡಿದಂತೆ ತಿರುಚುತ್ತದೆ. ಆ ತಿರುಚು ಸ್ಪ್ರಿಂಗಿನ ಉದ್ದಕ್ಕೂ ಓಡಿ ಆ ತುದಿಯ ಮಣಿಯನ್ನು ಅಲುಗಿಸುತ್ತದೆ. ಅಲ್ಲಿನ ಕಾಯಿಲ್ ಅದನ್ನು ಮತ್ತೆ ವಿದ್ಯುತ್ತಾಗಿಸುತ್ತದೆ. ಅಷ್ಟಕ್ಕೇ ನಿಲ್ಲದೆ ತಿರುಚು ಹಿಂದಕ್ಕೆ ಬಡಿದು, ಮತ್ತೆ ಮುಂದೆ ಬಂದು, ಮೂರು ನಾಲ್ಕು ಸೆಕೆಂಡ್ ಓಡಾಡುತ್ತಲೇ ಇರುತ್ತದೆ. ಇದೇ ಬಾವಿ. ನೋಡಲು ನಾಲ್ಕು ಸ್ಪ್ರಿಂಗ್ ಇದ್ದಂತಿದ್ದರೂ ನಡುವೆ ಬೆಸೆದಿರುವುದರಿಂದ ಲೆಕ್ಕಕ್ಕೆ ಎರಡೇ. ಒಂದರಲ್ಲಿ ಸದ್ದು ದಾಟಲು ಸುಮಾರು 33 ಮಿಲಿಸೆಕೆಂಡ್, ಇನ್ನೊಂದರಲ್ಲಿ ಸುಮಾರು 41. ಎರಡೂ ಸಮವಿದ್ದರೆ ಮರಳುವ ಸದ್ದುಗಳು ಒಂದರ ಮೇಲೊಂದು ಸರಿಯಾಗಿ ಕುಳಿತು ತಗಡಿನ ಡಬ್ಬ ಬಡಿದಂತಾಗುತ್ತಿತ್ತು.

ನಿಮ್ಮ ‘ತೊಟ್ಟಿಕ್ಕುವ’ ಸದ್ದಿನ ಗುಟ್ಟೂ ಇಲ್ಲಿಯೇ ಇದೆ. ಸ್ಪ್ರಿಂಗಿನಲ್ಲಿ ಎಲ್ಲ ಸ್ವರಗಳೂ ಒಂದೇ ವೇಗದಲ್ಲಿ ಓಡುವುದಿಲ್ಲ. ಕೆಳಸ್ವರ ಮೊದಲು ಮುಟ್ಟುತ್ತದೆ, ಮೇಲಿನವು ಏದುಸಿರು ಬಿಡುತ್ತ ಹಿಂದಿನಿಂದ ಬರುತ್ತವೆ. ತಂತಿಯನ್ನು ಅಂಗೈಯಿಂದ ತಡೆದು ಟಪ್ಪನೆ ಮೀಟಿದರೆ ಆ ಒಂದು ಪೆಟ್ಟು ‘ಚ್ಯೂಂ’ ಎಂದು ಹಿಗ್ಗಿ ಹೊರಬೀಳುವುದು ಇದರಿಂದ. ವಾಲ್ವ್ ಇದ್ದರೂ ಇಲ್ಲದಿದ್ದರೂ ಸ್ಪ್ರಿಂಗ್ ಇದನ್ನು ಮಾಡುತ್ತದೆ.

ಆದ್ದರಿಂದ ಮೊದಲ ತಿಂಗಳು 9 ವೋಲ್ಟ್ ಬ್ಯಾಟರಿಯ ಮೇಲೆ ಕೆಲಸ ಮಾಡಿ. ಎಲ್‌ಎಂ386 ಎಂಬ ಚಿಕ್ಕ ಆಂಪ್ಲಿಫೈಯರ್ ಐಸಿ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಯಾರನ್ನು ಕೇಳಿದರೂ ಕೊಡುತ್ತಾರೆ. ಅದು ಹುಟ್ಟಿದ್ದೇ ಸಣ್ಣ ಸ್ಪೀಕರ್ ನುಡಿಸಲು, ನಿಮ್ಮ ಟ್ಯಾಂಕಿನ ಒಳಗಾಯಿಲ್ (ಸಂಕೇತ ಒಳಹೋಗುವ ತುದಿಯ ಕಾಯಿಲ್) ಕೂಡ 8 ಓಮ್‌ನದು. ಐಸಿಯ ಹೊರದಾರಿಯಲ್ಲಿ 220 ಮೈಕ್ರೊಫ್ಯಾರಡ್ ಕೆಪಾಸಿಟರ್, ಆಮೇಲೆ 47 ಓಮ್ ರೆಸಿಸ್ಟರ್, ಆಮೇಲೆ ಟ್ಯಾಂಕ್. ಆ ಕಾಯಿಲ್‌ಗೆ 28 ಮಿಲಿಆಂಪಿಯರ್ ಆಸುಪಾಸು ಸಿಕ್ಕರೆ ಅದರ ಹೊಟ್ಟೆ ತುಂಬುತ್ತದೆ. ಆ ತುದಿಯಲ್ಲಿ ಟಿಎಲ್072 ಎಂಬ ಇನ್ನೊಂದು ಐಸಿ ಹಾಕಿ ಬಂದ ಸಂಕೇತವನ್ನು ಎತ್ತಿಕೊಳ್ಳಿ. ಆಗ ಟ್ಯಾಂಕ್ ಬಡಿದರೆ ಏನಾಗುತ್ತದೆ, ಎಲ್ಲಿಟ್ಟರೆ ಗುಂಯ್‌ಗುಡುತ್ತದೆ, ಹೆಚ್ಚು ಸದ್ದು ತುರುಕಿದರೆ ಹೇಗೆ ಕೆಸರಾಗುತ್ತದೆ, ಎಲ್ಲವನ್ನೂ ಶಾಕ್ ಹೊಡೆಸಿಕೊಳ್ಳದೆ ಕಲಿಯುತ್ತೀರಿ.

ಟ್ಯಾಂಕ್ ಕೊಳ್ಳುವಾಗ ಅದರ ಮೈಮೇಲಿನ ಜಾತಕ ಓದಿ. ನಿಮಗೆ ಬೇಕಾದದ್ದು 4ಎಬಿ3ಸಿ1ಬಿ. ನಾಲ್ಕು ಎಂದರೆ ಉದ್ದನೆಯ ಎರಡು ಸ್ಪ್ರಿಂಗಿನ ಜಾತಿ. ಎ ಎಂದರೆ ಒಳಗಾಯಿಲ್ 8 ಓಮ್. ಆ ಜಾಗದಲ್ಲಿ ಬಿ ಇದ್ದರೆ 150, ಇ ಇದ್ದರೆ 600, ಎರಡೂ ನಿಮಗೆ ಬೇಡ. ಮುಂದಿನ ಬಿ ಎಂದರೆ ಹೊರಗಾಯಿಲ್ 2250 ಓಮ್, ಮೂರು ಎಂದರೆ ಉದ್ದನೆಯ ಬಾಲ. ಸಿ ಎಂದರೆ ಒಳಸಾಕೆಟ್ ತಗಡಿನಿಂದ ಬೇರೆಯಾಗಿದೆ, ಹೊರಸಾಕೆಟ್ ಮಾತ್ರ ತಗಡಿಗೆ ಅಂಟಿದೆ. ಕೊನೆಯ ಬಿ ಎಂದರೆ ತೆರೆದ ಬಾಯಿ ಕೆಳಗಿರುವಂತೆ ಅಡ್ಡಲಾಗಿ ಕೂರಿಸಬೇಕು. ಒಂದಕ್ಷರ ತಪ್ಪಿದರೂ ಜಾತಕ ಕೂಡುವುದಿಲ್ಲ.

ಇಷ್ಟಾದ ಮೇಲೆ ವಾಲ್ವ್. ಮೂಲ ಫೆಂಡರ್ ಪೆಟ್ಟಿಗೆಯಲ್ಲಿ ಮೂರು ವಾಲ್ವ್‌ಗಳಿವೆ: 12ಎಟಿ7, ಸ್ಪ್ರಿಂಗನ್ನು ಕುಣಿಸುವ 6ಕೆ6, ಮತ್ತು 12ಎಎಕ್ಸ್7. 6ಕೆ6 ಈಗ ಯಾರೂ ಮಾಡುವುದಿಲ್ಲ, ಅದೇ ಸಾಕೆಟ್ಟಿಗೆ ಕೂರುವ 6ವಿ6 ಹಾಕುತ್ತಾರೆ. ನಾನು ನಮ್ಮ ಕಡೆ ಸಿಗುವ ಇಎಲ್84 ಹಾಕಿದ್ದೆ. ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ ಒಂದು ಕಾಲದಲ್ಲಿ ರೇಡಿಯೊಗಳಿಗಾಗಿ ಅವನ್ನು ತಯಾರಿಸುತ್ತಿತ್ತು. ಹಳೆಯ ರಿಪೇರಿ ಅಂಗಡಿಗಳ ಡ್ರಾಯರ್‌ಗಳಲ್ಲಿ ಇನ್ನೂ ಒಂದೆರಡು ಉಳಿದಿರುತ್ತವೆ, ಅಜ್ಜಂದಿರನ್ನು ನಯವಾಗಿ ಕೇಳಿ. ಅದರ ಸಾಕೆಟ್ ಮತ್ತು ಬಯಸ್ (ವಾಲ್ವ್‌ಗೆ ಗೊತ್ತುಮಾಡುವ ನೆಲೆ ವೋಲ್ಟೇಜ್) ಬೇರೆ ಎನ್ನುವುದು ನೆನಪಿರಲಿ. ಅಂಥ ರೇಡಿಯೊದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸಿಕ್ಕರೆ ಅದನ್ನೂ ಬಿಡಬೇಡಿ. ವಾಲ್ವ್ ಸಾವಿರಾರು ಓಮ್‌ನ ಭಾಷೆ ಆಡುತ್ತದೆ, ಟ್ಯಾಂಕ್ 8 ಓಮ್‌ನ ಭಾಷೆ ಆಡುತ್ತದೆ, ನಡುವೆ ದುಭಾಷಿಯಂತೆ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಫೆಂಡರ್ ಆಂಪ್ಲಿಫೈಯರ್‌ಗಳ ಒಳಗಿನ ರಿವರ್ಬ್‌ನಲ್ಲಿ 12ಎಟಿ7ನ ಒಂದೇ ಗಾಜಿನೊಳಗಿರುವ ಎರಡೂ ಅರ್ಧಗಳನ್ನು ಜೋಡಿಸಿ 25,000 ಓಮ್‌ನಿಂದ 8 ಓಮ್‌ಗೆ ಇಳಿಸುವ ಚಿಕ್ಕ ಟ್ರಾನ್ಸ್‌ಫಾರ್ಮರ್ ಬಳಸುತ್ತಾರೆ. ಹೊಸದಾಗಿ ಕೊಳ್ಳುವುದಾದರೆ ಆ ದಾರಿಯೇ ಅಗ್ಗ.

ಕಟ್ಟುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ. ಮೊದಲು ವಿದ್ಯುತ್ ಭಾಗ ಮಾತ್ರ ಕಟ್ಟಿ ವೋಲ್ಟೇಜ್ ಅಳೆಯಿರಿ. ಆಮೇಲೆ ಟಿಎಲ್072 ತೆಗೆದು ಆ ಜಾಗಕ್ಕೆ 12ಎಎಕ್ಸ್7ನ ಅರ್ಧ. ಗ್ರಿಡ್, ಕ್ಯಾಥೋಡ್, ಪ್ಲೇಟ್ ಎನ್ನುವುದು ಅದರ ಒಳಗಿನ ಮೂರು ಭಾಗಗಳ ಹೆಸರು: ಗ್ರಿಡ್ಡಿಗೆ 220 ಕಿಲೊಓಮ್, ಕ್ಯಾಥೋಡಿಗೆ 1.5 ಕಿಲೊಓಮ್, ಪ್ಲೇಟಿಗೆ 100 ಕಿಲೊಓಮ್. ಸ್ಪ್ರಿಂಗನ್ನು ಕುಣಿಸಲು ಇನ್ನೂ ಎಲ್‌ಎಂ386ನೇ ಇರಲಿ. ಅದು ಹಾಡಿತೆಂದ ಮೇಲೆಯೇ ಮುಂದಿನ ವಾಲ್ವ್. ಹೀಗೆ ಮಾಡಿದರೆ ಕೆಟ್ಟದ್ದು ಎಲ್ಲಿ ಎಂಬ ಪ್ರಶ್ನೆಗೆ ಯಾವಾಗಲೂ ಒಂದೇ ಉತ್ತರವಿರುತ್ತದೆ: ಇವತ್ತು ಕಟ್ಟಿದ್ದರಲ್ಲಿ. ಸಾಕೆಟ್ಟಿನ ಕಾಲುಗಳನ್ನು ಕೆಳಗಿನಿಂದ ನೋಡಿ, ಖಾಲಿ ಜಾಗದಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಣಿಸಬೇಕು. ಮೇಲಿನಿಂದ ಎಣಿಸಿ ಒಂದು ಭಾನುವಾರವನ್ನು ಕಳೆದುಕೊಂಡವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು.

ಕುಣಿಸುವ ವಾಲ್ವ್‌ನ ಗ್ರಿಡ್ಡಿಗೆ ಸಂಕೇತ ಹೋಗುವ ದಾರಿಯಲ್ಲಿ 500 ಪಿಕೊಫ್ಯಾರಡ್ ಕೆಪಾಸಿಟರ್, ಗ್ರಿಡ್ಡಿನಿಂದ ನೆಲಕ್ಕೆ (ಗ್ರೌಂಡಿಗೆ) 1 ಮೆಗಾಓಮ್ ಇಟ್ಟರೆ ಸುಮಾರು 320 ಹರ್ಟ್ಸ್‌ಗಿಂತ ಕೆಳಗಿನದು ಸೋರಿಹೋಗುತ್ತದೆ. ಬಾಸ್ ಹೋಯಿತೆಂದು ಅಳಬೇಡಿ. ಕೆಳಸ್ವರಗಳು ಆ ಪುಟ್ಟ ಕಾಯಿಲ್‌ನ ಕಬ್ಬಿಣವನ್ನು ಉಸಿರುಗಟ್ಟಿಸಿ ಸದ್ದನ್ನೆಲ್ಲ ರಾಡಿಯೆಬ್ಬಿಸುತ್ತವೆ. ನಿಮ್ಮ ಗಿಟಾರಿನ ನೇರ ಸದ್ದಿನಲ್ಲಿ ಬಾಸ್ ಹೇಗೂ ಇದ್ದೇ ಇರುತ್ತದೆ.

ಮೂಲ ಪೆಟ್ಟಿಗೆಯ ಮೂರು ಗುಂಡಿಗಳನ್ನು ಬಿಡಬೇಡಿ. ಸ್ಪ್ರಿಂಗಿಗೆ ಎಷ್ಟು ಜೋರಾಗಿ ಹೊಡೆಯಬೇಕೆಂದು ‘ಡ್ವೆಲ್’ ನಿರ್ಧರಿಸುತ್ತದೆ, ಮರಳಿದ್ದನ್ನು ಎಷ್ಟು ಬೆರೆಸಬೇಕೆಂದು ‘ಮಿಕ್ಸರ್’, ಅದು ಎಷ್ಟು ಹರಿತವಿರಬೇಕೆಂದು ‘ಟೋನ್’. ಆಂಪ್ಲಿಫೈಯರಿನ ಒಳಗಿನ ರಿವರ್ಬಿಗೆ ಸಾಮಾನ್ಯವಾಗಿ ಬೆರೆಸುವ ಗುಂಡಿ ಒಂದೇ ಇರುತ್ತದೆ. ಡ್ವೆಲ್ ಅನ್ನು ಮುಕ್ಕಾಲು ತಿರುಗಿಸಿದಾಗ ನಿಮ್ಮ ತೊಟ್ಟು ಬೀಳುತ್ತದೆ.

ಪ್ರಶ್ನೆ: ನನ್ನ ಮಗಳು ಪಿಯುಸಿ ಮುಗಿಸಿ, ರಜೆಯಲ್ಲಿ ಓದುವ ಮೇಜಿನ ಮೇಲೆ ವಾಲ್ವ್ ಆಂಪ್ಲಿಫೈಯರ್ ಕಟ್ಟುತ್ತೇನೆಂದು ಕೂತಿದ್ದಾಳೆ. 300 ವೋಲ್ಟ್ ಇರುತ್ತದಂತೆ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆರುವ ಸ್ವಿಚ್) ಹಾಕಿಸಿದ್ದೇನೆ. ಬಿಡಬಹುದೇ?
— ತಂದೆಯೊಬ್ಬರು, ಧಾರವಾಡ

ಉತ್ತರ: ಬಿಡಿ ಸ್ವಾಮಿ, ಆದರೆ ಆರ್‌ಸಿಸಿಬಿಯನ್ನು ನಂಬಿ ಬಿಡಬೇಡಿ. ಅದು ಕಾಯುವುದು ಮನೆಯ ಲೈನ್ ಮತ್ತು ನೆಲದ ನಡುವಿನ ಸೋರಿಕೆಯನ್ನು. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯ 300 ವೋಲ್ಟ್ ಬೇರೆಯೇ ಲೋಕ. ಅಲ್ಲಿ ಕೈ ಸಿಕ್ಕಿಕೊಂಡರೆ ನಿಮ್ಮ ಆರ್‌ಸಿಸಿಬಿಗೆ ಸುದ್ದಿಯೇ ಮುಟ್ಟುವುದಿಲ್ಲ.

ನನ್ನ ಅಂಗಡಿಯ ಎರಡನೆಯ ವರ್ಷದ ಕಥೆ ಕೇಳಿ. ಗಿರಾಕಿಯೊಬ್ಬರ ರೇಡಿಯೊದ ಔಟ್‌ಪುಟ್ ವಾಲ್ವ್ ಕಳಚಿಟ್ಟು ವೋಲ್ಟೇಜ್ ನೋಡಿದೆ, ಪ್ಲಗ್ ಕಿತ್ತೆ, ಕೆಲಸಕ್ಕೆ ಕೈ ಹಾಕಿದೆ. ವಾಲ್ವ್ ಇದ್ದಿದ್ದರೆ ಅದೇ ಕಂಡೆನ್ಸರನ್ನು (ಕೆಪಾಸಿಟರಿನ ಹಳೆಯ ಹೆಸರು) ಹೀರಿ ಬರಿದು ಮಾಡುತ್ತಿತ್ತು. ಅದು ನನ್ನ ಮೇಜಿನ ಮೇಲಿತ್ತಲ್ಲ, ಕಂಡೆನ್ಸರ್ ತುಂಬಿಕೊಂಡೇ ಕಾದಿತ್ತು. ಕೈ ತಾನಾಗಿ ಹಿಂದಕ್ಕೆ ಹಾರಿ ಮೊಣಕೈ ಕಪಾಟಿಗೆ ಬಡಿದು, ಅಲ್ಲಿದ್ದ ಇನ್ನೊಬ್ಬರ ರೇಡಿಯೊದ ಡಯಲ್ ಗಾಜು ಪುಡಿಯಾಯಿತು. ಎರಡು ವಾರದ ಸಂಪಾದನೆ ಆ ಗಾಜಿಗೆ ಹೋಯಿತು. ಶಾಕ್ ಬಿಟ್ಟಿಯಾಗಿ ಸಿಕ್ಕಿತು.

ಮಗಳಿಗೆ ಹೇಳಿ: ಮೊದಲ ಕಂಡೆನ್ಸರಿನ ಎರಡು ತುದಿಗೆ 220 ಕಿಲೊಓಮ್, 2 ವ್ಯಾಟ್ ರೆಸಿಸ್ಟರ್ ಶಾಶ್ವತವಾಗಿ ಬೆಸೆಯಲಿ. 40 ಮೈಕ್ರೊಫ್ಯಾರಡ್ ಇದ್ದರೆ ಮುಕ್ಕಾಲು ನಿಮಿಷದಲ್ಲಿ ಬಹುತೇಕ ಬರಿದಾಗುತ್ತದೆ. ಆದರೂ ಪ್ಲಗ್ ಕಿತ್ತ ಮೇಲೆ ಮಲ್ಟಿಮೀಟರ್ ಇಟ್ಟು ನೋಡದೆ ಮುಟ್ಟಬಾರದು, ರೆಸಿಸ್ಟರಿನ ಬೆಸುಗೆಯೂ ಬಿಟ್ಟಿರಬಹುದು. ಕರೆಂಟ್ ಇರುವಾಗ ಅಳೆಯುವುದಾದರೆ ಎಡಗೈ ಬೆನ್ನ ಹಿಂದೆ ಇರಲಿ. ಕಾಲಲ್ಲಿ ಚಪ್ಪಲಿ ಇರಲಿ, ಕೈಯಲ್ಲಿ ಬಳೆ ಉಂಗುರ ಬೇಡ. ಮೂರು ಕಾಲಿನ ಪ್ಲಗ್, ಅದರ ಹಸಿರು ತಂತಿ ಷಾಸಿಗೆ (ಲೋಹದ ಚೌಕಟ್ಟಿಗೆ) ಸ್ವಂತ ಬೋಲ್ಟಿನಿಂದ, ಒಳಬರುವ ಲೈನಿನಲ್ಲಿ ಫ್ಯೂಸ್. ಮೊದಲ ಸಲ ಆನ್ ಮಾಡುವಾಗ ಸೀರೀಸ್ ಬೋರ್ಡಿನಲ್ಲಿ 60 ವ್ಯಾಟ್ ಬುರುಡೆ ಬಲ್ಬ್ ಹಾಕಲಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಕ್ಷೇಮ, ಪೂರ್ತಿ ಬೆಳಗಿ ನಿಂತರೆ ಎಲ್ಲೋ ಶಾರ್ಟ್ ಇದೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ, ತಂತಿಯದೇ ಬೇಕು. ಕಿರಾಣಿ ಅಂಗಡಿಯ ಮೇಲಿನ ಹಲಗೆಯಲ್ಲಿ ಹುಡುಕಿಸಿ.

ಮತ್ತೊಂದು. ಅವಳೊಬ್ಬಳೇ ಮನೆಯಲ್ಲಿರುವಾಗ ಆನ್ ಮಾಡಕೂಡದು. ನೀವು ಪಕ್ಕದ ಕುರ್ಚಿಯಲ್ಲಿ ಪತ್ರಿಕೆ ಓದುತ್ತಾ ಕುಳಿತರೂ ಸಾಕು, ಆದರೆ ಮೇನ್ ಸ್ವಿಚ್ ಎಲ್ಲಿದೆ ಎಂದು ನಿಮಗೆ ಗೊತ್ತಿರಬೇಕು.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ರಜೆಗೆ ಬರುವಾಗ ರಿವರ್ಬ್ ಕಿಟ್ ತರುತ್ತಾನಂತೆ. ಇಲ್ಲಿ ನಡೆಯುತ್ತದೆಯೇ?
— ಓದುಗರು, ಉಡುಪಿ

ಉತ್ತರ: ಅಣ್ಣ ಹಣ ಕಟ್ಟುವ ಮೊದಲೇ ಫೋನ್ ಮಾಡಿ. ಅಲ್ಲಿಯದು 120 ವೋಲ್ಟ್. ಅಂಥ ಟ್ರಾನ್ಸ್‌ಫಾರ್ಮರನ್ನು ನಮ್ಮ 230ಕ್ಕೆ ಚುಚ್ಚಿದರೆ ಎಲ್ಲವೂ ಇಮ್ಮಡಿಯಾಗಲು ಹೊರಟು, ಫ್ಯೂಸ್ ಹಾರದಿದ್ದರೆ ಕಂಡೆನ್ಸರ್ ಹಾರುತ್ತದೆ. 240 ವೋಲ್ಟಿನ ಪ್ರೈಮರಿ (ಮೇನ್ಸ್ ಸೇರುವ ಸುರುಳಿ) ಇರುವ ಟ್ರಾನ್ಸ್‌ಫಾರ್ಮರ್ ಬೇಕೆಂದು ಕೇಳಲಿ. ಆಗಲೇ ಕೊಂಡಾಗಿದ್ದರೆ ಇಲ್ಲಿ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಕೊಳ್ಳಿ. 60 ಹರ್ಟ್ಸ್‌ಗೆಂದೇ ಲೆಕ್ಕ ಹಾಕಿ ಸುತ್ತಿದ್ದು ನಮ್ಮ 50 ಹರ್ಟ್ಸ್‌ನಲ್ಲಿ ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ಒಂದು ಗಂಟೆ ನಡೆಸಿ ಪ್ಲಗ್ ಕಿತ್ತು, ಕವಚವನ್ನು ಕೈಯಿಂದ ಮುಟ್ಟಿ ನೋಡಿ. ಟ್ಯಾಂಕಿನ ಸ್ಪ್ರಿಂಗ್‌ಗಳ ಕೆಳಗೆ ಪ್ರಯಾಣಕ್ಕೆಂದು ಸ್ಪಂಜು ತುರುಕಿದ್ದರೆ ಅದನ್ನು ತೆಗೆಯಲು ಮರೆಯಬೇಡಿ. ಸ್ಪಂಜು ಬಿಟ್ಟು ‘ರಿವರ್ಬ್ ಬರುತ್ತಿಲ್ಲ’ ಎಂದು ಪತ್ರ ಬರೆದವರು ಇದ್ದಾರೆ.

ಪ್ರಶ್ನೆ: ಟ್ಯಾಂಕಿನ ಒಳಸಾಕೆಟ್ಟಿಗೆ ಮಲ್ಟಿಮೀಟರ್ ಇಟ್ಟರೆ ಒಂದು ಓಮ್ ಕೂಡ ತೋರಿಸುತ್ತಿಲ್ಲ. ಶಾರ್ಟ್ ಆಗಿದೆಯೇ? ಜೊತೆಗೆ, ಇಎಲ್84 ಹಾಕಿ ಕಟ್ಟಿದ ಈ ಪೆಟ್ಟಿಗೆ ಗುಂಯ್ ಎನ್ನುತ್ತದೆ.
— ಓದುಗರು, ತೀರ್ಥಹಳ್ಳಿ

ಉತ್ತರ: ಶಾರ್ಟ್ ಅಲ್ಲ. 8 ಓಮ್ ಎನ್ನುವುದು ಸಂಕೇತ ಹರಿಯುವಾಗಿನ ಮಾತು, ಮೀಟರಿಗೆ ಕಾಣುವುದು ಬರೀ ತಂತಿಯ ರೋಧ, ಸುಮಾರು 0.8 ಓಮ್. ಹೊರಸಾಕೆಟ್ಟಿನಲ್ಲಿ ಸುಮಾರು 200 ತೋರಿಸಬೇಕು. ತೋರಿಸಿದರೆ ಟ್ಯಾಂಕ್ ಆರೋಗ್ಯವಾಗಿದೆ. ಏನೂ ತೋರಿಸದಿದ್ದರೆ ಸಾಕೆಟ್ಟಿನಿಂದ ಕಾಯಿಲ್‌ಗೆ ಹೋಗುವ ಕೂದಲಿನಂಥ ತಂತಿ ಕಿತ್ತಿರುತ್ತದೆ, ಭೂತಗನ್ನಡಿ ಹಿಡಿದು ಬೆಸೆಯಬಹುದು.

ಗುಂಯ್ ಸದ್ದಿಗೆ ಒಂದೇ ಪರೀಕ್ಷೆ. ಉದ್ದನೆಯ ತಂತಿ ಹಾಕಿ ಟ್ಯಾಂಕನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಕೈಯಲ್ಲಿ ಹಿಡಿದು ತಿರುಗಿಸಿ. ಸದ್ದು ಏರಿಳಿದರೆ ಹೊರಗಾಯಿಲ್ ಮೇನ್ಸ್ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಕುಡಿಯುತ್ತಿದೆ ಎಂದರ್ಥ. ಹೊರಗಾಯಿಲ್ ಇರುವ ತುದಿಯನ್ನು ಟ್ರಾನ್ಸ್‌ಫಾರ್ಮರಿನಿಂದ ಆದಷ್ಟು ದೂರಕ್ಕೆ ತಿರುಗಿಸಿ ಕೂರಿಸಿ. ಎಷ್ಟು ತಿರುಗಿಸಿದರೂ ಸದ್ದು ಬದಲಾಗದಿದ್ದರೆ ತಪ್ಪು ನೆಲದ ತಂತಿಯಲ್ಲಿದೆ. ನಿಮ್ಮ ಟ್ಯಾಂಕಿನ ಎರಡೂ ಸಾಕೆಟ್ ತಗಡಿಗೆ ಅಂಟಿವೆಯೇ ನೋಡಿ. ಹಾಗಿದ್ದರೆ ನೆಲಕ್ಕೆ ಎರಡು ದಾರಿಯಾಗಿ ಸುತ್ತು ಬಿದ್ದಿರುತ್ತದೆ, ಒಳಸಾಕೆಟ್ಟನ್ನು ತಗಡಿನಿಂದ ಬಿಡಿಸಿ. ಇಎಲ್84 ಹಾಕಿದ್ದೀರೆಂದು ಬರೆದಿದ್ದೀರಿ, ಹಾಗಾಗಿ ಟ್ಯಾಂಕಿನ ಒಳತಂತಿ ಕಳಚಿಟ್ಟು ಆನ್ ಮಾಡಬೇಡಿ. ಭಾರವಿಲ್ಲದ ಟ್ರಾನ್ಸ್‌ಫಾರ್ಮರ್ ಒಳಗೊಳಗೇ ಕಿಡಿ ಹಾರಿಸಿಕೊಳ್ಳಬಹುದು.

ಪ್ರಶ್ನೆ: ಬಾಲ್‌ಪೆನ್ ಸ್ಪ್ರಿಂಗಿನಿಂದ ರಿವರ್ಬ್ ಮಾಡಬಹುದೇ?
— ಒಂಬತ್ತನೆಯ ತರಗತಿ, ಗದಗ

ಉತ್ತರ: ಮಾಡಿ ನೋಡು ಮರಿ. ಪೆನ್ನಿನದು ತೀರ ಗಿಡ್ಡ, ಸದ್ದು ಹೋಗಿ ಬರಲು ಸಮಯವೇ ಹಿಡಿಯುವುದಿಲ್ಲ, ಡಬ್ಬದ ಸದ್ದು ಬರುತ್ತದೆ. ಅಂಗಡಿಯಲ್ಲಿ ಸಿಗುವ ತೆಳು ತಂತಿಯ, ಮೊಳದುದ್ದದ ಸ್ಪ್ರಿಂಗ್ ತಾ. ಒಂದು ತುದಿಯನ್ನು ಹಳೆಯ ಸ್ಪೀಕರಿನ ಕಾಗದದ ನಡುವೆ ಅಂಟಿಸು, ಇನ್ನೊಂದು ತುದಿಗೆ ಪೀಜೊ ಬಿಲ್ಲೆ (ಅಲುಗಿದರೆ ವಿದ್ಯುತ್ ಹುಟ್ಟಿಸುವ ಬಿಲ್ಲೆ) ಬೆಸೆದು ಮೈಕಿನ ಸಾಕೆಟ್ಟಿಗೆ ಕೊಡು. ಇಲ್ಲಿ ಸ್ಪ್ರಿಂಗ್ ತಿರುಚುವ ಬದಲು ಹಿಂದೆ ಮುಂದೆ ಓಡುತ್ತದೆ, ಆದ್ದರಿಂದ ಸದ್ದು ಒರಟು. ಆದರೆ ನಿನ್ನದು.

ಪ್ರಶ್ನೆ: ಆಂಪ್ಲಿಫೈಯರ್ ಅಲುಗಾಡಿಸಿದರೆ ಗುಡುಗು ಬರುತ್ತದೆ. ದೋಷವೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಸ್ಪ್ರಿಂಗ್‌ಗಳು ಒಂದಕ್ಕೊಂದು, ತಗಡಿಗೆ ಬಡಿಯುವ ಸದ್ದು ಅದು. ಟ್ಯಾಂಕನ್ನು ನೇರ ಮರಕ್ಕೆ ಬಿಗಿಯದೆ ರಬ್ಬರ್ ಬುಷ್ ಮೇಲೆ ಕೂರಿಸಿ, ಮೆತ್ತನೆಯ ಚೀಲದಲ್ಲಿಟ್ಟರೆ ಇನ್ನೂ ಒಳ್ಳೆಯದು. ಪೂರ್ತಿ ಹೋಗುವುದಿಲ್ಲ. ನನ್ನ ಅಟ್ಟದ ಪೆಟ್ಟಿಗೆ ಒಂದು ಆರ್ಕೆಸ್ಟ್ರಾ ತಂಡದ್ದು. ಗಣಪತಿ ಪೆಂಡಾಲಿನಲ್ಲಿ ಭಕ್ತಿಗೀತೆ ನಡೆಯುತ್ತಿದ್ದಾಗ ಹುಡುಗನೊಬ್ಬ ವೇದಿಕೆಯ ಹಲಗೆಯ ಮೇಲೆ ಧುಮುಕಿದ. ಸ್ಪೀಕರಿನಿಂದ ಹೊರಟ ಗುಡುಗಿಗೆ ಮುಂದಿನ ಸಾಲಿನ ಹೆಂಗಸರು ಮಳೆ ಬಂತೆಂದು ಎದ್ದು ಒಣಗಲು ಹಾಕಿದ್ದ ಬಟ್ಟೆ ತೆಗೆಯಲು ಮನೆಗೆ ಓಡಿದರು. ತಂಡದವರು ಮರುದಿನವೇ ಪೆಟ್ಟಿಗೆಯನ್ನು ನನ್ನ ಅಂಗಡಿಗೆ ತಂದಿಟ್ಟು, ಸರಿ ಮಾಡಿಡಿ ಎಂದು ಹೇಳಿ ಹೋದರು. ರಬ್ಬರ್ ಬುಷ್ ಹಾಕಿಟ್ಟೆ. ಇದುವರೆಗೂ ಒಯ್ಯಲು ಬಂದಿಲ್ಲ.